ಕಸ ಬೇರೆ ಮಾಡುವ ಹೆಬ್ಬೆರಳು

ಆಳಂದದಲ್ಲಿ ಕಸದ ಗಾಡಿಯ ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ಬೆಳಿಗ್ಗೆ ಓಣಿ ಓಣಿ ತಿರುಗಿ ಕಸ ಎತ್ತುವುದು, ಮಧ್ಯಾಹ್ನ ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಕೂತು ಅದನ್ನು ಬೇರೆ ಮಾಡುವುದು. ಹಾಲಿನ ಪಾಕೀಟು, ರಟ್ಟು, ಬಾಟಲಿ ಕಟ್ಟಿ ಕಲಬುರಗಿಗೆ ಕಳಿಸುತ್ತೇವೆ; ಕಾಯಿಪಲ್ಲೆ ಸಿಪ್ಪೆ ಕೊಳೆತು ಗೊಬ್ಬರವಾಗಿ ಅಫಜಲಪುರದ ಕಡೆಯ ಕಬ್ಬಿನ ಹೊಲಕ್ಕೆ ಹೋಗುತ್ತದೆ. ಹಸಿ ಕಸ, ಒಣ ಕಸ ಬೇರೆ ಕೊಡಿ ಎಂದು ಗಾಡಿಯ ಮೈಕು ದಿನಾ ಒದರುತ್ತದೆ. ಕೊಡುವವರು ಬೆರಳೆಣಿಕೆ. ಹೇಳಿ ಹೇಳಿ ನನಗೂ ಸಾಕಾಗಿದೆ.

ರೊಟ್ಟಿ ಮಾತ್ರ ಎಲ್ಲರೂ ಬೇರೆ ಕೊಡುತ್ತಾರೆ. ಉಳಿದ ರೊಟ್ಟಿ ಕಸಕ್ಕೆ ಹಾಕಿದರೆ ಪಾಪ, ದನಕ್ಕೆ ಹಾಕು ಎನ್ನುತ್ತಾರೆ. ಬೇರೆ ಮಾಡಲು ಬಾರದ ಜನವೇನಲ್ಲ.

ಕೈಗವಸು ಕೊಟ್ಟಿದ್ದರು. ಬಲಗೈಯದನ್ನು ನಾನೇ ತೆಗೆದಿಡುತ್ತಿದ್ದೆ. ಗಂಟು ಹಾಕಿದ ಚೀಲವನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಒಳಗೇನಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದೆ. ಆ ಜಂಬ ಇತ್ತು, ಸುಳ್ಳೇಕೆ ಹೇಳಲಿ. ಹೋದ ಬೇಸಿಗೆಯಲ್ಲಿ ಒಂದು ಚೀಲದ ಅನ್ನದೊಳಗೆ ಒಡೆದ ಗಾಜಿನ ಲೋಟವಿತ್ತು. ಹೆಬ್ಬೆರಳಿನ ಬುಡ ಸೀಳಿತು. ಹೊಲಿಗೆ ಹಾಕಿದ ಡಾಕ್ಟರು, "ನರ ಕಟ್ ಆಗ್ಯಾದ. ಬೆರಳಿಗಿ ಜೀವ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಕಾಯ್ರಿ," ಅಂದರು.

ಕಾದೆ. ಗಾಯ ಮಾಯಿತು, ಜೀವ ಬರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿನ ಬಿಸಿ ತಿಳಿಯುವುದಿಲ್ಲ, ಅಂಚು ಹರಿದರೂ ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಈಗ ಒಂದೊಂದು ಚೀಲವನ್ನೂ ಬಿಚ್ಚಿ ನೋಡಬೇಕು, ಹೊಸಬರ ಹಾಗೆ. ಮನೆಗೆ ಬರುವಷ್ಟರಲ್ಲಿ ಮಾತಾಡಲೂ ಬೇಸರ.

ಲೋಟವಿದ್ದ ಚೀಲ ಅಂದು ಕೊನೆಗೆ ಎತ್ತಿದ್ದು, ಹಾಗಾಗಿ ಅದರ ಮನೆ ನನಗೆ ಗೊತ್ತಿತ್ತು. ಕೆಲಸಕ್ಕೆ ಮರಳಿ ಆ ಬಾಗಿಲ ಮುಂದೆ ನಿಂತಾಗ ಸಿಟ್ಟು ನೆತ್ತಿಗೇರಿತು. ಆ ಮನೆಯ ಹಿರಿಯಾಕೆ ಎಂದಿನಂತೆ ಕಟ್ಟೆಯ ಮೇಲಿನಿಂದಲೇ ರೊಟ್ಟಿಯ ಚೀಲವನ್ನು ನನ್ನ ಕೈಗೆ ಬಿಟ್ಟರು, ಕೈಗೆ ಕೈ ತಾಕದ ಹಾಗೆ. ಆ ಓಣಿಯಲ್ಲಿ ಎಲ್ಲರೂ ಹಾಗೆಯೇ ಕೊಡುವುದು.

"ಗಾಜೂ ಹಿಂಗ ಬ್ಯಾರೆ ಕೊಡ್ರಿ ಅವ್ವಾರ," ಅಂದೆ. "ನಿಮ್ಮ ಲೋಟ ನನ್ನ ಬೆರಳ ತಿಂತು."

"ನಮ್ ಮನಿದೇನಬೇ? ಖರೇನ ಹೇಳಾಕತ್ತಿ?"

"ಹೌದ್ರಿ."

ಅವರ ಮುಖ ಸಣ್ಣದಾಯಿತು. ಕಟ್ಟೆ ಇಳಿದು ಬಂದು, ನನ್ನ ಹೆಬ್ಬೆರಳನ್ನು ಹಿಡಿದು, ಹೊಲಿಗೆಯ ಗೆರೆಯ ಮೇಲೆ ಮೆಲ್ಲಗೆ ಸವರಿದರು. "ನೋವಾಗ್ತದೇನಬೇ?" ಎಂದು ಕೇಳಿದರು.

ಎಂಟು ವರ್ಷದಲ್ಲಿ ಆ ಓಣಿಯಲ್ಲಿ ನನ್ನನ್ನು ಮುಟ್ಟಿದ ಮೊದಲ ಕೈ ಅದು. ಮುಟ್ಟಿದ್ದನ್ನು ಕಣ್ಣಾರೆ ನೋಡಿದೆ, ಅಷ್ಟೇ. ಬೆರಳಿಗೆ ಏನೂ ತಿಳಿಯಲಿಲ್ಲ.