ಪಟ್ಟಿಯ ಕೆಳಗಿನ ಸಾಲು

ನಮ್ಮ ಮನೆಯಲ್ಲಿ ಮಾತು ಕನ್ನಡ, ಬರಹ ಮರಾಠಿ. ಮಹಾರಾಷ್ಟ್ರದ ಗಡಿಯ ಉಮರ್ಗಾ ಪೇಟೆಯ ನಮ್ಮ ಕಿರಾಣಿ ಅಂಗಡಿಯ ಚೀಟಿಯಿಂದ ಹಿಡಿದು ಮಕ್ಕಳ ಶಾಲೆಯ ಪುಸ್ತಕದವರೆಗೆ ಎಲ್ಲವೂ ಮರಾಠಿಯೇ. ಬೀದರ್ ಕಡೆಯಿಂದ ಸೊಸೆಯಾಗಿ ಬಂದ ನಾನೊಬ್ಬಳೇ ಕನ್ನಡ ಶಾಲೆ ಕಲಿತವಳು. ಅದರಿಂದ ನನಗೊಂದು ಅನುಕೂಲವಿತ್ತು. ಮುಗಿದ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಮನೆ ಸಾಮಾನಿನ ಪಟ್ಟಿಯನ್ನು ಮರಾಠಿಯಲ್ಲಿ ಬರೆಯುತ್ತಿದ್ದೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ ನನ್ನ ಸಿಟ್ಟು. ‘ಇವತ್ತೂ ರೊಟ್ಟಿ ದಪ್ಪ ಆಯಿತಂತೆ. ನಾಳೆ ಅತ್ತೆಯೇ ಬಡಿಯಲಿ.’ ಹೀಗೆ. ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ರಾಜಾರೋಷವಾಗಿ ಅಂಟಿಸುತ್ತಿದ್ದೆ. ಓದುವವರು ಯಾರಿದ್ದರು?

ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ವಚನದ ಪುಸ್ತಕವೊಂದನ್ನು ತೆರೆದಿಟ್ಟುಕೊಳ್ಳುತ್ತಿದ್ದರು, ನಿಜ. ಆ ಹೊತ್ತಿಗೆ ನಾನು ಒಲೆಯ ಮುಂದೆ. ಅವರಿಗೆ ಎಲ್ಲಾ ಬಾಯಿಪಾಠ, ಪುಸ್ತಕ ಬರೀ ರೂಢಿಗೆ ಎಂದುಕೊಂಡಿದ್ದೆ.

ಮದುವೆಯಾಗಿ ಹನ್ನೆರಡು ವರ್ಷಕ್ಕೆ, ಮಕ್ಕಳ ಕಾಟ ತಾಳಲಾರದೆ, ಹೈದರಾಬಾದಿನ ಆಚೆಗಿನ ಒಂದು ಥೀಮ್ ಪಾರ್ಕಿಗೆ ಹೋಗುವುದೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಮನೆಮಂದಿಯೆಲ್ಲ ಕೂಡಿ ಸುಮ್ಮನೆ ಸುತ್ತಾಡಲು ಹೋದದ್ದೇ ಇಲ್ಲ. ದಿನ ಗೊತ್ತು ಮಾಡುವುದೇ ದೊಡ್ಡ ರಾಮಾಯಣ. ಪೇಟೆಗೆ ರಜೆ ಇರುವುದು ಅಮಾಸೆಗೆ. ಅಮಾಸೆಗೆ ಊರು ಬಿಡಬಾರದು. ಕಡೆಗೆ ನಮ್ಮ ಯಜಮಾನರು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ನೋಡಿ, "ಹನ್ನೊಂದೂವರಿಗಿ ಅಮಾಸಿ ಮುಗೀತದ. ಆಮ್ಯಾಲೆ ಗಾಡಿ ಬಿಡೋಣು, ಮರುದಿನ ಪಾರ್ಕ್, ಝಾಲಂ, ಮುಗೀತು!" ಎಂದರು.

ಊಟದ ಜವಾಬ್ದಾರಿ ನನ್ನದು. ಅತ್ತೆ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಹೊರಗೆ ಬೇಯಿಸಿದ್ದನ್ನಂತೂ ಮುಟ್ಟುವವರೇ ಅಲ್ಲ. ಹಾಗಾಗಿ ಹಾಳೆ ತುಂಬಾ ಬರೆದೆ. ಮೊದಲ ದಿನ ದಾರಿಯಲ್ಲಿ ರೊಟ್ಟಿ, ಕಡಲೆಹಿಟ್ಟಿನ ಝುಣಕ. ರಾತ್ರಿ ಲಾಡ್ಜಿನಲ್ಲಿ ಚಪಾತಿ, ಬದನೆಕಾಯಿ ಪಲ್ಯ. ಮರುದಿನ ಬೆಳಿಗ್ಗೆ ಅವಲಕ್ಕಿ. ಪೂಜೆಯ ಬಿಲ್ವಪತ್ರೆ ಬಾಡದಂತೆ ಸುತ್ತಲು ಒದ್ದೆ ಬಟ್ಟೆ. ಮಧ್ಯಾಹ್ನ ಪಾರ್ಕಿನಲ್ಲಿ ನಮಗೆ ಟಿಕೆಟಿನ ಜೊತೆಗೇ ಊಟವಿತ್ತು. ಅತ್ತೆಗೆ ಮಾತ್ರ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾಹಿಂಡಿ, ಮೊಸರು.

ಬರೆದು ಮುಗಿಸಿದ ಮೇಲೆ ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಕನ್ನಡದಲ್ಲಿ ಬರೆದೆ: ‘ಪಾರ್ಕಿನಲ್ಲಿ ನಾನು ಕೂತು ಉಣ್ಣಬೇಕು. ಬಿಸಿ ಇರಬೇಕು. ಬೇರೆಯವರು ನೀಡಬೇಕು. ನಡುವೆ ಯಾರಿಗಾಗಿಯೂ ಏಳಬಾರದು.’

ಇಷ್ಟೇ ನನ್ನ ಆಸೆ. ಮಕ್ಕಳಿಗೆ ಆಕಾಶಕ್ಕೇರುವ ತೊಟ್ಟಿಲ ಕನಸು ಬಿದ್ದರೆ ನನಗೆ ಆ ತಟ್ಟೆಯದು. ಹನ್ನೆರಡು ವರ್ಷ ಎಲ್ಲರದೂ ಆದ ಮೇಲೆ, ಒಲೆಯ ಪಕ್ಕ, ಆರಿದ್ದನ್ನು ಉಂಡಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಪಾರ್ಕಿನ ಬಾಗಿಲಲ್ಲೇ ನನ್ನ ಲೆಕ್ಕ ತಪ್ಪಿತು. ಕಾವಲಿನವನು ಚೀಲ ತೆರೆದು ನೋಡಿ, "ಬಾಹರ್ ಕಾ ಖಾನಾ ಅಂದರ್ ನಹೀ" ಎಂದ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ವಯಸ್ಸಾದವರೆಂದೆ, ಪೂಜೆಯವರೆಂದೆ, ದನಿ ಏರಿಸಿಯೂ ನೋಡಿದೆ. ಅವನು ಅತ್ತೆಯ ಕೈಯಲ್ಲಿದ್ದ ಎರಡು ಬಾಳೆಹಣ್ಣು ಮಾತ್ರ ಬಿಟ್ಟ. ಬುತ್ತಿಯ ಚೀಲವನ್ನು ಬಾಗಿಲ ಬಳಿಯ ಕೌಂಟರಿನಲ್ಲಿಟ್ಟು ಟೋಕನ್ ಕೊಟ್ಟರು.

"ನೀವೇನ್ ಉಣ್ತೀರಿ ಅತ್ತೀ?" ಅಂದೆ.

"ಒಂದ್ ಹೊತ್ತು ಉಪಾಸ ಇದ್ರ ನಾ ಏನ್ ಸಾಯಂಗಿಲ್ಲ. ನಡೀ, ಹುಡುಗ್ರು ಓಡ್ಲತ್ತಾವ."

ನನಗೆ ಅಳುವೇ ಬಂತು. ಅವರ ಹಸಿವಿಗಲ್ಲ, ಸುಳ್ಳೇಕೆ ಹೇಳಲಿ. ನನ್ನ ತಟ್ಟೆ ಹೋಯಿತಲ್ಲ ಎಂದು. ಅತ್ತೆ ಉಪವಾಸ ಕೂತಾಗ ಎದುರಿಗೆ ಸೊಸೆ ಬಿಸಿ ಅನ್ನ ಉಣ್ಣುವುದುಂಟೆ? ಬೆಳಿಗ್ಗೆಯೆಲ್ಲ ಮಕ್ಕಳು ಕಿರುಚಿದರು, ಯಜಮಾನರು ನೀರಿನ ಜಾರುಬಂಡೆಯಲ್ಲಿ ಚಪ್ಪಲಿ ಕಳೆದುಕೊಂಡರು. ನಾನು ಮುಖ ಊದಿಸಿಕೊಂಡೇ ತಿರುಗಿದೆ.

ಒಂದು ಗಂಟೆಗೆ ಊಟದ ಹಾಲ್. ಮಕ್ಕಳೂ ಅಪ್ಪನೂ ತಟ್ಟೆ ಹಿಡಿದು ಸಾಲಿಗೆ ಓಡಿದರು. ನಾನು ಅತ್ತೆಯ ಎದುರು ಖಾಲಿ ಮೇಜಿನಲ್ಲಿ ಕೂತು, "ನನಗ ಹಸಿವಿಲ್ಲ" ಅಂದೆ. ಅವರು ಎದ್ದು ಹೋದರು. ಕೈ ತೊಳೆಯಲು ಹೋದರೇನೋ ಅಂದುಕೊಂಡೆ. ತಿರುಗಿ ನೋಡಿದರೆ ತಲೆಯ ಮೇಲೆ ಸೆರಗು ಹೊದ್ದು, ಆ ಗದ್ದಲದ ಸಾಲಿನಲ್ಲಿ ನಿಂತಿದ್ದಾರೆ! ಹೊರಗಿನ ಅಡುಗೆಯ ನೆರಳಿಗೂ ನಿಲ್ಲದವರು, ಬಡಿಸುವವನಿಗೆ ಬೆರಳು ತೋರಿಸಿ ಇದು ಹಾಕು, ಅದು ಹಾಕು ಅನ್ನುತ್ತಿದ್ದಾರೆ. ತಟ್ಟೆ ತಂದು ನನ್ನ ಮುಂದಿಟ್ಟರು. ಅನ್ನದಿಂದ ಹಬೆ ಏಳುತ್ತಿತ್ತು.

"ಬಿಸಿ ಅದ, ಉಣ್ಣು. ನಡುವ ಯಾರಿಗಾಗೀನೂ ಏಳಬ್ಯಾಡ."

ಅಷ್ಟರಲ್ಲಿ ಮಗ ದೂರದಿಂದ "ಮಮ್ಮೀ, ಚಮಚಾ!" ಎಂದು ಕೂಗಿದ. ರೂಢಿಯಂತೆ ಎದ್ದೆ. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿ, ತಾವೇ ಹೋಗಿ ಚಮಚ ಕೊಟ್ಟು ಬಂದರು. ಆಮೇಲೆ ನನ್ನೆದುರು ಕೂತು ಬಾಳೆಹಣ್ಣು ಸುಲಿದರು.

ಎತ್ತಿದ ತುತ್ತನ್ನು ತಟ್ಟೆಗಿಳಿಸಿದೆ. "ಅತ್ತೀ, ನಿಮಗ ಕನ್ನಡ ಓದ್ಲಿಕ್ಕಿ ಬರ್ತದೇನ್ರಿ?"

"ಸಣ್ಣಾಕಿ ಇದ್ದಾಗ ನಮ್ಮೂರ ಮಠದಾಗ ಕಲಿಸ್ಯಾರ. ದಿನಾ ಪುಸ್ತಕ ಹಿಡಕೊಂಡು ಏನ್ ಮಾಡ್ತೀನಿ ಅಂದ್ಕೊಂಡಿದ್ದಿ?"

ಗೋಡೆಗೆ ಅಂಟಿಸಿದ್ದ ಹಾಳೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. "ಎಲ್ಲಾ ಓದೀರಿ?"

"ಎಲ್ಲಾ." ಹಣ್ಣಿನ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಂದರು, "ರೊಟ್ಟಿ ಖರೇನೇ ದಪ್ಪ ಆಗಿತ್ತು."

ನಕ್ಕೆ, ಕಣ್ಣೀರು ಒರೆಸಿಕೊಂಡೆ, ಉಂಡೆ. ಆ ಸಾರಿನಲ್ಲಿ ಉಪ್ಪು ಕಡಿಮೆಯಿತ್ತು. ಅಷ್ಟು ರುಚಿಯಾದದ್ದನ್ನು ಆಮೇಲೆ ಎಂದೂ ಉಂಡಿಲ್ಲ.

ಈಗ ಮಗಳು ಉದಗೀರ್‌ನಲ್ಲಿ ಓದುತ್ತಿದ್ದಾಳೆ, ಮಗನಿಗೆ ನಮ್ಮ ಜೊತೆ ಪಾರ್ಕಿಗೆ ಬರುವ ವಯಸ್ಸು ದಾಟಿತು. ಆ ಎರಡು ದಿನ ಇನ್ನೊಮ್ಮೆ ಬರಬಾರದೇ ಅನ್ನಿಸುತ್ತದೆ. ಕ್ಯಾಲೆಂಡರಿನ ಬೆನ್ನಿಗೆ ಪಟ್ಟಿ ಬರೆಯುವುದನ್ನಂತೂ ಬಿಟ್ಟಿಲ್ಲ. ಕೆಳಗಿನ ಸಾಲು ಇಂದಿಗೂ ಕನ್ನಡದಲ್ಲೇ, ಸಿಟ್ಟಿದ್ದರೆ ಸಿಟ್ಟೂ ಸೇರಿ. ಅಕ್ಷರ ಮಾತ್ರ ದೊಡ್ಡದು ಮಾಡಿದ್ದೇನೆ. ಅತ್ತೆಗೆ ಈಗ ಸಣ್ಣದು ಕಾಣುವುದಿಲ್ಲ.