ನರಸೀಪುರದ ಕಡೆ ತಿರುಗಿಸಿದ ಬತ್ತಿ

ಬೆಳಕು ಬಿಟ್ಟರೆ ಆಂಟೆನಾದ ಸಿಗ್ನಲ್ ಅಲೆ ದಿಕ್ಕು ಬದಲಿಸುತ್ತದೆ ಎಂದು ಮೊಮ್ಮಗಳು ಹೇಳಿದಾಗ ನಾನು ನಂಬಲಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವಳು, ರಜೆಗೆ ನಮ್ಮೂರು ಹೆಡತಲೆಗೆ ಬಂದಾಗ ತಾನೇ ಮಾಡಿದ ಆಂಟೆನಾ ಹಲಗೆಯೊಂದನ್ನು ತಂದಿದ್ದಳು. ಅದರ ತುಂಬ ಬೆಳಕು ಹಿಡಿಯುವ ಸಣ್ಣ ಕಣ್ಣುಗಳು.

"ಯಾವ ಪಕ್ಕದ ಕಣ್ಣಿಗೆ ಬೆಳಕು ಬಿಟ್ರೆ ಆ ಪಕ್ಕಕ್ಕೆ ಅಲೆ ತಿರುಗ್ತದೆ ಕಣಜ್ಜಿ. ಆಂಟೆನಾನ ಅಲ್ಲಾಡಿಸೋದೇ ಬ್ಯಾಡ."

"ಟಾರ್ಚ್ ಬಿಟ್ರೆ ನಮ್ಮ ಎಮ್ಮೇನೇ ತಿರುಗಾಕಿಲ್ಲ, ಗಾಳೀಲಿರೋದು ತಿರುಗ್ತದಾ? ಓಗೇ, ಉಣ್ಣೋಗು," ಅಂದೆ.

ನಮ್ಮ ಮನೆಯಲ್ಲೂ ಒಂದು ಪದ್ಧತಿಯಿದೆ. ಹೆಣ್ಣುಮಗಳು ಹೆರಿಗೆಗೆ ಹೋದರೆ ಮುಸ್ಸಂಜೆ ದೀಪದ ಬತ್ತಿಯನ್ನು ಅವಳಿರುವ ಊರಿನ ಕಡೆ ತಿರುಗಿಸಿಡಬೇಕು. ಅದನ್ನೂ ನಾನು ನಂಬಿದವಳಲ್ಲ. ಅತ್ತೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ, ಅಷ್ಟೆ.

ಆ ದಿನ ಸೋಸಲೆಗೆ ಕೊಟ್ಟ ನನ್ನ ಕಿರಿಮಗಳನ್ನು ಹೆರಿಗೆಗೆಂದು ನರಸೀಪುರದ ಆಸ್ಪತ್ರೆಗೆ ಸೇರಿಸಿದ್ದರು. ಅವಳ ಮೊದಲಿನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮಂಡಿನೋವಿನಲ್ಲಿ ನಾನು ಬಸ್ಸು ಹತ್ತುವಂತಿರಲಿಲ್ಲ. ನಮ್ಮ ಮನೆಯೊಳಗೆ ಸಿಗ್ನಲ್ ಎಂದೂ ಬಂದದ್ದಿಲ್ಲ. ಮೊಮ್ಮಗಳು ತನ್ನ ಫೋನು ಹಿಡಿದು ಊರಾಚೆಯ ದಿಬ್ಬ ಹತ್ತಿ ಇಳಿದು ಸಾಕಾದಳು. ಸುದ್ದಿಯಿಲ್ಲ. ಸಂಜೆ ಮತ್ತೆ ಹೋದಳು.

ಹೊತ್ತು ಮುಳುಗಿತು, ಕರೆಂಟೂ ಹೋಯಿತು. ಕಿಟಕಿಯ ಕಟ್ಟೆಯ ಮೇಲೆ ದೀಪ ಹಚ್ಚಿ ಬತ್ತಿಯನ್ನು ನರಸೀಪುರದ ಕಡೆ ತಿರುಗಿಸಿದೆ. ಮೊಮ್ಮಗಳ ಹಲಗೆ ಅಲ್ಲೇ ಒರಗಿತ್ತು, ಬೆಳಕು ಅದರ ಮೇಲೆ ಬಿತ್ತು, ಪಕ್ಕದಲ್ಲಿ ನನ್ನ ಫೋನು. ಅದು ಹೊಡೆದುಕೊಂಡಿತು.

ಅಳಿಯ. "ಅತ್ತೆ, ಎಣ್ಣು ಮಗ. ಚೆನ್ನಾಗದೆ. ಇವಳು..."

ಅಷ್ಟರಲ್ಲಿ ನನ್ನ ಕೈ ತಾಗಿ ದೀಪ ಗೋಡೆ ಕಡೆ ತಿರುಗಿತು. ಮಾತು ಕಡಿಯಿತು.

ಇವಳು ಏನು? ಇದ್ದಾಳೋ ಇಲ್ಲವೋ? ಬತ್ತಿಯನ್ನು ಮೊದಲಿನ ದಿಕ್ಕಿಗೆ ತಂದೆ. ಮತ್ತೆ ಫೋನು ಹೊಡೆಯಿತು.

"ಲೈನ್ ಯಾಕ್ ಕಟ್ ಮಾಡಿದ್ರಿ ಅತ್ತೆ? ಇವಳೂ ಚೆನ್ನಾಗವ್ಳೆ. ಕಾಫಿ ಬೇಕು ಅಂತ ಪ್ರಾಣ ತಿಂತಾವ್ಳೆ!"

ಮೊಮ್ಮಗಳು ದಿಬ್ಬದಿಂದ ಬಂದಾಗ, "ನಿನ್ನ ಅಲಗೆ ಗೆದ್ಬುಡ್ತು ಕಣೇ," ಅಂದೆ. ಅವಳು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಜ್ಜೀ, ಇದಕ್ಕೆ ವೈರೇ ಕೊಟ್ಟಿಲ್ಲ. ಬ್ಯಾಟ್ರಿ ನನ್ನ ಬ್ಯಾಗಲ್ಲೇ ಅದೆ!"

ಆಮೇಲೆ ವೈರು ಕೊಟ್ಟು, ವೈರು ಬಿಟ್ಟು, ಬತ್ತಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿದೆವು. ಫೋನು ಒಮ್ಮೆಯೂ ಉಸಿರೆತ್ತಲಿಲ್ಲ. ನೀವು ನಗಬಹುದು, ನಗಿ. ಓದಿದ ಅವಳಿಗೂ ಇದೇನೆಂದು ಹೇಳಲಾಗಿಲ್ಲ, ನನಗಂತೂ ಇಲ್ಲ.

ಹಲಗೆಯನ್ನು ವಾಪಸ್ಸು ಕೇಳಿದಳು, ಕೊಡಲಿಲ್ಲ. ವೈರಿಲ್ಲದೆ ಕಿಟಕಿಯಲ್ಲೇ ಇದೆ. ಫೋನು ಮಾಡಬೇಕಾದರೆ ಈಗಲೂ ದಿಬ್ಬವೇ ಗತಿ. ಅಂದು ಹುಟ್ಟಿದವಳು ಬಂದಾಗಲೆಲ್ಲ ನನ್ನ ದೀಪವನ್ನು ಊದಿ ಆರಿಸಿ ಓಡುತ್ತಾಳೆ. ಬೈದು ಮತ್ತೆ ಹಚ್ಚುತ್ತೇನೆ.