ಬೈಗುಳಕ್ಕೊಂದು ಬಟನ್

ಆ ಗೇಮಿನಲ್ಲಿ ಒಂದು ಹಳ್ಳಿ ಇದೆ. ಕಾರಿನ ಕಿಟಕಿಯಿಂದ ಮಾತ್ರ ಹಳ್ಳಿ ನೋಡಿದವರು ಕಟ್ಟಿದ ಹಳ್ಳಿ. ಎಲ್ಲ ಮನೆಗೂ ಹೆಂಚು, ಎಲ್ಲ ಹೆಂಚಿನ ಮೇಲೂ ನವಿಲು. ಮೋರಿ ಇಲ್ಲ, ಹಾಲಿನ ಡೈರಿ ಇಲ್ಲ, ಬಸ್ಸು ತಪ್ಪಿಹೋಗಿ ಕಂಡಕ್ಟರನ ಮೇಲೆ ಸಿಟ್ಟು ಮಾಡಿಕೊಂಡು ನಿಂತವರಿಲ್ಲ. ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲ. ಆಟಗಾರ ಬಂದು ಮಾತಾಡಿಸಲಿ ಎಂದು ಬಾಗಿಲಲ್ಲಿ ಕಾಯುತ್ತಾರೆ. ಆಟಗಾರ ಒಂದು ನಿಧಿ ಹುಡುಕಬೇಕು. ನಿಧಿ ಎಲ್ಲಿದೆ ಎಂದು ಊರಿನವರಿಗೆಲ್ಲ ಗೊತ್ತು. ತಾವೇ ಹೋಗಿ ಅಗೆದುಕೊಳ್ಳುವಷ್ಟು ಬುದ್ಧಿ ಮಾತ್ರ ಒಬ್ಬರಿಗೂ ಇಲ್ಲ.

ಕಂಪನಿ ಇದನ್ನು ನಮ್ಮ ಮಣ್ಣಿನ ಗೇಮು ಎಂದು ಸಾರಿತ್ತು. ಫೋನಿನಲ್ಲಿ ಆಡುವ ಆಟ, ಪಾತ್ರಗಳೆಲ್ಲ ಕನ್ನಡ ಮಾತಾಡುತ್ತವೆ. ಚಾಮರಾಜನಗರದ ಬಾಡಿಗೆ ಮನೆಯಲ್ಲಿ, ಆಫೀಸು ಮುಗಿದ ಮೇಲೆ, ನಾನು ವರ್ಷಗಳಿಂದ ಇಂಥವನ್ನು ಆಡುತ್ತ ಬಂದವನು. ಏನು ಸಿಗುತ್ತದೆ ಎಂದು ಗೊತ್ತಿತ್ತು. ಗೇಮು ಅರ್ಧ ಬೆಂದು ಬರುತ್ತದೆ, ಉಳಿದರ್ಧ ಅಪ್‌ಡೇಟಿನಲ್ಲಿ ಬರುತ್ತದೆ, ಅದು ಇಳಿಯುವ ಹೊತ್ತಿಗೆ ಊಟಕ್ಕೆ ಕೂತವನ ಹಸಿವೇ ಹೋಗಿರುತ್ತದೆ. ಆಟದೊಳಗೇ ಹೆಜ್ಜೆಗೊಂದು ಅಂಗಡಿ, ಆಯುಧದ ಬಣ್ಣ ಬದಲಿಸಲೂ ದುಡ್ಡು. ಬಂದೂಕಿಗೆ ಬಟ್ಟೆ ಹೊಲಿದು ಮಾರುವ ವ್ಯಾಪಾರವನ್ನು ಮನುಷ್ಯ ಇನ್ನೆಲ್ಲೂ ಮಾಡಿಲ್ಲ, ಇಲ್ಲಿ ಮಾಡುತ್ತಾನೆ, ಇಲ್ಲಿ ಕೊಳ್ಳುವವರೂ ಇದ್ದಾರೆ. ಆದರೂ ಯಾಕೆ ಆಡುತ್ತಿದ್ದೆ? ಆಳವಾದ ಕಾರಣ ಏನೂ ಇಲ್ಲ. ಸಂಜೆ ಉದ್ದ ಇರುತ್ತದೆ.

ನಾನು ಆ ಗೇಮಿನ ಮೊದಲ ಬೀದಿಯಲ್ಲೇ ಬೇಸತ್ತು ಬಿಟ್ಟಿದ್ದೆ. ಪಕ್ಕದ ಮೇಜಿನ ಸಹೋದ್ಯೋಗಿ ಬಹಳ ಮುಂದೆ ಹೋಗಿದ್ದ. ಮಧ್ಯಾಹ್ನದ ಊಟದ ಹೊತ್ತು, ಡಬ್ಬಿ ತೆರೆದುಕೊಂಡು ಕೂತಿದ್ದಾಗ ಅವನು ಫೋನನ್ನು ನನ್ನ ಕಡೆ ತಿರುಗಿಸಿದ.

"ಇಲ್ಲೊಬ್ಳು ಮುದ್ಕಿ ಅವ್ಳೆ, ನೋಡು. ಚೆಂಡೂವ್ನ ಬೇಕಂತ ತುಳೀಬೇಕು. ಸಕ್ಕತ್ತಾಗ್ ಬಯ್ತಾಳೆ."

ಹೆಬ್ಬೆರಳಿನಿಂದ ತುಳಿದ. ಹೂಗಳು ಮಲಗಿದವು. ಫೋನಿನೊಳಗಿಂದ ಒಂದು ಧ್ವನಿ ಎದ್ದು ಬಂತು.

"ಯಾವೂರ್ ಕೋಣ್ಲಾ ನೀನು? ನಿಮ್ಮನೇಲಿ ನೆಲ ಇಲ್ವಾ ತುಳ್ಯಾಕೆ? ಊವ ತುಳ್ದ್ ಕಾಲು ಊರ್ ಬಾಕ್ಲ ಕಾಣ್ದೆ ಓಗ್ಲಿ!"

ಬೈಗುಳ ಮುಗಿದ ಮೇಲೆ ಸಣ್ಣದಾಗಿ ಒಂದು ಕೊಳಲು. ಹಳ್ಳಿ ಎಂದಮೇಲೆ ಕೊಳಲು ಇರಲೇಬೇಕು ಎಂದು ಯಾವನೋ ಎಸಿ ಕೋಣೆಯಲ್ಲಿ ಕೂತು ತೀರ್ಮಾನಿಸಿದ್ದ.

ಅದು ನನ್ನ ದೊಡ್ಡವ್ವನ ಧ್ವನಿ, ನನ್ನ ತಾಯಿಯ ಅಕ್ಕನದು. ತುತ್ತು ಗಂಟಲಲ್ಲೇ ನಿಂತಿತು ಎಂದು ಬರೆಯಲು ಕೈ ಹೋಗುತ್ತಿದೆ. ಬರೆದರೆ ನಂಬುತ್ತೀರಿ. ನನಗೆ ನೆನಪಿರುವುದು ಡಬ್ಬಿಯ ಮುಚ್ಚಳ ಮಾತ್ರ. ನಾನು ಜೋರಾಗಿ ನಕ್ಕೆ ಎಂದು ಸಹೋದ್ಯೋಗಿ ಈಗಲೂ ಹೇಳುತ್ತಾನೆ. ನಕ್ಕಿರಬಹುದು.

ದೊಡ್ಡವ್ವ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವಳು. ಅವಳ ಹೊಲ ರಸ್ತೆಗೆ ಅಂಟಿಕೊಂಡಿದೆ, ಪ್ರತಿವರ್ಷ ಚೆಂಡು ಹೂವು ಹಾಕುತ್ತಾಳೆ. ಹೂ ಬಿಡುವ ಕಾಲಕ್ಕೆ ಕೇರಳದ ಕಡೆಯಿಂದ ಕಾರುಗಳು ಬಂದು ನಿಲ್ಲುತ್ತವೆ, ಹಳದಿಯ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಬದು ದಾಟುತ್ತಾರೆ. ಅಕ್ಕಪಕ್ಕದವರು ತಂತಿ ಬೇಲಿ ಹಾಕಿಸಿಕೊಂಡರು. ದೊಡ್ಡವ್ವನಿಗೆ ಬಾಯಿಯೇ ಬೇಲಿ. ಮಲಯಾಳದಲ್ಲಿ ಅವಳಿಗೆ ಬರುತ್ತಿದ್ದದ್ದು "ಪೋ" ಒಂದೇ, ಅದೊಂದೇ ಸಾಕಾಗುತ್ತಿತ್ತು. ಮೇಕೆ, ದನ, ಮದುವೆ ಫೋಟೋದವರು, ಎಲ್ಲರೂ ಆ ಧ್ವನಿಗೆ ಹಿಂದಕ್ಕೆ ಸರಿದವರೇ. ಅವಳ ಬೈಗುಳಕ್ಕೆ ಒಂದು ಕಟ್ಟಳೆಯೂ ಇತ್ತು. ತುಳಿದರೆ ಕಾಲಿಗೆ ಬೈಯಬೇಕು, ಕಿತ್ತರೆ ಕೈಗೆ ಬೈಯಬೇಕು. ಮನುಷ್ಯನಿಗೆ, ಅವನ ಮನೆಯ ಸತ್ತವರಿಗೆ, ಮಕ್ಕಳಿಗೆ ಬೈಯುವಂತಿಲ್ಲ. ಕಾಲು ತಪ್ಪು ಮಾಡಿದೆ, ಕಾಲು ಅನುಭವಿಸಲಿ.

ಆ ಭಾನುವಾರವೇ ಹೋಗಿ ಕೇಳಿದೆ.

"ಯಾರೋ ಪ್ಯಾಟೆಯವ್ರು ಬಂದಿದ್ರು, ಕೋಲ್ ತುದೀಗೆ ಮುಂಗ್ಸಿ ತರದ್ದು ಒಂದ ಸಿಗಸ್ಕಂಡಿದ್ರು ಕಣ್ಲಾ," ಅಂದಳು. ಗಾಳಿಯ ಸದ್ದು ತಡೆಯಲು ತುಪ್ಪಳ ಹೊದಿಸಿದ ಮೈಕು ಎಂದು ನನಗೆ ಗೊತ್ತಾಯಿತು. "ನಾ ಅದ್ಯಾವ್ದೋ ಸತ್ತೋಗಿರೋ ಪ್ರಾಣಿ ಅನ್ಕಂಡೆ. ಗಿಡದ್ ಮದ್ಯಕ್ಕೇ ನುಗ್ಬುಟ್ರು. ಬೈದೆ. ಬೈದ್ರೆ ಓಡೋಗ್ಬೇಕು ತಾನೆ? ಪೂಜೆಗ್ ನಿಂತಂಗೆ ನಿಂತವ್ರೆ! ಅದ್ರಲ್ಲೊಬ್ಬ, ಅಮ್ಮಾ ಇನ್ನೊಂದ್ಸಲ ಬೈತೀರಾ, ಅಂತಾನೆ. ಉರ್ದೋಯ್ತು ನಂಗೆ. ಆಮೇಲ್ ಬೈದೆ ನೋಡು, ಅದು ಬೈಗ್ಳ."

ಗೇಮಿಗೆ ಹೋದದ್ದು ಆ ಎರಡನೆಯದು. ತನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ಅವಳು ಎದೆಯಿಂದ ಎಳೆದು ಬೈದಿದ್ದಳು, ಅವರು ಹೆಬ್ಬೆರಳೆತ್ತಿ ಚೆನ್ನಾಗಿ ಬಂತು ಎಂದು ಹೊರಟುಹೋಗಿದ್ದರು. ಕೇಳಲಿಲ್ಲ, ಹೇಳಲಿಲ್ಲ. ಇಂಥವರು ಗೇಮಿನ ಕೊನೆಯಲ್ಲಿ ತೆರೆಯ ತುಂಬ ಹೆಸರು ಹಾಕಿಕೊಳ್ಳುತ್ತಾರೆ, ಕಾಫಿ ತಂದುಕೊಟ್ಟವನ ಹೆಸರನ್ನೂ ಹಾಕುತ್ತಾರೆ. ಸಹೋದ್ಯೋಗಿ ಆಟ ಮುಗಿಸಿದ ದಿನ ನಾನು ಕೊನೆಯವರೆಗೂ ನೋಡಿದೆ. ಮುದುಕಿಯ ಹೆಸರಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಬೈಗುಳ ಫೋನಿನಿಂದ ಹೊರಗೆ ಬಂತು. ಸಂತೆಮರಹಳ್ಳಿಯ ಸಂತೆಯಲ್ಲಿ ಈರುಳ್ಳಿ ಮಾರುವವನ ಜೇಬಿನಲ್ಲಿ ಅದು ರಿಂಗಾಗುವುದನ್ನು ನಾನೇ ಕೇಳಿದೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಹಿಂದಿನ ಸೀಟಿನಿಂದ ಯಾರೋ "ಯಾವೂರ್ ಕೋಣ್ಲಾ" ಅಂದರು, ಬಸ್ಸೆಲ್ಲ ನಕ್ಕಿತು. ಆಮೇಲೆ ಯಾರೋ ಒಬ್ಬ ಆ ಹೊಲ ಎಲ್ಲಿದೆ ಎಂದು ಪತ್ತೆ ಮಾಡಿ ವಿಡಿಯೋ ಹಾಕಿದ. ಜನ ಬರತೊಡಗಿದರು. ಫೋಟೋದವರು ಕದ್ದು ಬರುತ್ತಿದ್ದರು. ಇವರು ಕೂಗಿ ಹೇಳಿಕೊಂಡೇ ಬಂದು, ಅವಳ ಕಣ್ಣೆದುರಿಗೇ ಗಿಡದ ಮೇಲೆ ಕಾಲಿಟ್ಟು, ಫೋನು ಎತ್ತಿ ಹಿಡಿದು ಕಾಯುತ್ತಿದ್ದರು.

"ನಾ ಬಯ್ತಾ ಇವ್ನಿ, ಅವ್ರು ಕೈ ತಟ್ತಾ ಅವ್ರೆ ಕಣ್ಲಾ," ಅಂದಳು ದೊಡ್ಡವ್ವ. "ಜೋರಾಗ್ ಬೈದ್ರೆ ಇನ್ನೂ ಒಂದ್ ಗಿಡ ತುಳೀತಾರೆ. ಕೂಲಿ ಎಣ್ಮಕ್ಕಳೂ ಬಾಯಿಗ್ ಸೆರಗಿಟ್ಕಂಡು ನಗ್ತವೆ. ನನ್ ಬಾಯಿ ಸತ್ತೋಯ್ತು. ಇನ್ ಊವ ಎಂಗ್ ಕಾಯ್ಲಿ? ನೀನೂ ಆ ಆಟ ಆಡೋನೇ ತಾನೆ, ಓಗಿ ನನ್ ಮಾತ ಈಸ್ಕಂಡ್ ಬಾ."

ಈಸಿಕೊಂಡು ಬರಲು ಹೊರಟೆ. ಕಂಪನಿಗೆ ಬರೆದೆ. ನಿಮ್ಮ ಅಪಾರ ಪ್ರೀತಿಗೆ ಧನ್ಯವಾದ, ನಿಮ್ಮಂಥ ಆಟಗಾರರೇ ನಮ್ಮ ಕುಟುಂಬ ಎಂದು ಉತ್ತರ ಬಂತು. ಮತ್ತೆ ಬರೆದೆ. ಕುಟುಂಬ ಅದೇ ಉತ್ತರವನ್ನು ಮತ್ತೆ ಕಳಿಸಿತು. ಆಮೇಲೆ ಆಟಗಾರರ ಗುಂಪಿನಲ್ಲಿ ವಿಷಯ ಹಾಕಿದೆ: ಇದು ನಿಜವಾದ ಒಬ್ಬ ಹೆಂಗಸು, ನಿಜವಾದ ಬೆಳೆ, ದಯವಿಟ್ಟು ಹೋಗಬೇಡಿ. ಈ ಗುಂಪಿನವರು ಯಾರೆಂದರೆ, ಗೇಮಿನೊಳಗಿನ ಒಂದು ಕತ್ತಿಯ ಪೆಟ್ಟನ್ನು ಕಂಪನಿ ಕೂದಲೆಳೆಯಷ್ಟು ಕಡಿಮೆ ಮಾಡಿದರೆ ತಮ್ಮ ಹಕ್ಕು ಹೋಯಿತು ಎಂದು ವಾರಗಟ್ಟಲೆ ಎದೆ ಬಡಿದುಕೊಳ್ಳುವವರು. ಅನ್ಯಾಯದ ಬಗ್ಗೆ ಅಷ್ಟು ಸೂಕ್ಷ್ಮ. "ಅಜ್ಜಿ ಫೇಮಸ್ ಆದ್ರೆ ನಿಂಗೇನ್ಲಾ ಉರಿ?" ಎಂದ ಒಬ್ಬ. "ಲೊಕೇಶನ್ ಕಳ್ಸು ಗುರು," ಎಂದ ಇನ್ನೊಬ್ಬ. ಮೂರನೆಯವನು ನನ್ನ ತಾಯಿಯ ಬಗ್ಗೆ ಏನೋ ಬರೆದ. ಕಾಲಿಗೆ ಮಾತ್ರ ಬೈಯುವವಳ ಮಾತನ್ನು ಕೇಳಿ ಕೇಳಿ ಇವರು ಕಲಿತದ್ದು ಇಷ್ಟು.

ಕಂಪನಿ ಕಿವುಡಾಗಿರಲಿಲ್ಲ. ಜನ ಏನನ್ನು ಇಷ್ಟಪಡುತ್ತಾರೆ ಎಂಬುದು ಅದಕ್ಕೆ ಚೆನ್ನಾಗಿ ಕೇಳಿಸುತ್ತಿತ್ತು. ಮುಂದಿನ ಅಪ್‌ಡೇಟಿನಲ್ಲಿ ಅಂಗಡಿಯೊಳಗೆ ಮುದುಕಿಯೇ ಬಂದು ಕೂತಳು. ಸೀರೆಯ ಬಣ್ಣ ಬದಲಿಸಬಹುದು. ದುಡ್ಡು ಕೊಟ್ಟರೆ ಒಂದು ಬಟನ್ ಸಿಗುತ್ತದೆ, ಒತ್ತಿದರೆ ಗೆಳೆಯನ ಫೋನಿಗೆ ಬೈಗುಳ ಹೋಗುತ್ತದೆ. ಹೂವೂ ಬೇಡ, ತುಳಿಯುವುದೂ ಬೇಡ.

ಇದನ್ನೆಲ್ಲ ಹೇಳಲು ಹೋದಾಗ ದೊಡ್ಡವ್ವ ಜಗಲಿಯ ಮೇಲೆ ಕೂತಿದ್ದಳು. ಬೆಳಿಗ್ಗೆಯೋ ಸಂಜೆಯೋ? ಬರೆಯುತ್ತಿದ್ದಂತೆ ನನ್ನ ಮನಸ್ಸು ಅದನ್ನು ಸಂಜೆ ಮಾಡುತ್ತಿದೆ, ಹೊಂಬಿಸಿಲು ಕೂಡ ತರುತ್ತಿದೆ. ಆ ಬಿಸಿಲು ಗೇಮಿನದೇ ಇರಬೇಕು. ಬೆಳಿಗ್ಗೆ ಎಂದಿಟ್ಟುಕೊಳ್ಳಿ.

"ಎಲ್ಲಿ, ತೋರ್ಸು ಅದ," ಅಂದಳು.

ತೋರಿಸಿದೆ.

"ಯಾರ್ಲಾ ಈ ಮುದ್ಕಿ?"

"ನೀನೇ ಕಣವ್ವ."

"ನಾ ಇಂಗ್ ಗೂನಾಗಿವ್ನಾ? ಥೂ. ಸೀರೆ ಉಡ್ಸಿರಾದ್ ನೋಡು, ಕಂಬಕ್ ಸುತ್ತಿರಂಗೆ."

ತುಳಿ ಅಂದಳು. ತುಳಿದೆ. ಹೂ ಮಲಗಿತು, ಬೈಗುಳ ಬಂತು, ಕೊಳಲು ಬಂತು. ಅವಳು ಇನ್ನಷ್ಟು ಬಗ್ಗಿದಳು. ಮಲಗಿದ್ದ ಹೂಗಳು ಒಂದೊಂದಾಗಿ ಎದ್ದು ನಿಂತವು.

"ಅಯ್ ಎದ್ಬುಟ್ಟೊ!"

"ಎಷ್ಟ್ ಸಲ ತುಳುದ್ರೂ ಎದ್ದೇಳ್ತವೆ."

"ಒಂದೂ ಸಾಯಕಿಲ್ವಾ?"

"ಇಲ್ಲ."

ಅವಳು ಫೋನಿನಿಂದ ಮುಖ ತೆಗೆದು ನನ್ನನ್ನು ನೋಡಿದಳು. "ಮತ್ಯಾಕ್ಲಾ ಬಯ್ತಾಳೆ ಅವ್ಳು?"

ಆ ಕಂಪನಿಯಲ್ಲಿ ಈ ಪ್ರಶ್ನೆ ಒಬ್ಬರಿಗೂ ಹೊಳೆದಿರಲಾರದು.

"ಸುಮ್ಸುಮ್ನೆ ಬಯ್ಯೋ ಹುಚ್ಚಿ ಮಾಡ್ಬುಟ್ಟವ್ರೆ ನನ್ನ," ಅಂದು ಎದ್ದು ಒಳಗೆ ಹೋದಳು.

ನನ್ನದೂ ಒಂದು ನಷ್ಟ ಇದೆ. ಚಿಕ್ಕವನಿದ್ದಾಗ ಅವಳ ಸೀಬೆ ಮರ ಹತ್ತಿ ಬೈಸಿಕೊಂಡಿದ್ದೇನೆ, ಕೊಟ್ಟಿಗೆಯಲ್ಲಿ ಬೈಸಿಕೊಂಡಿದ್ದೇನೆ. ಆ ಬೈಗುಳಗಳು ಬೇರೆ ಬೇರೆ ಇದ್ದವು. ಈಗ ನೆನೆಸಿಕೊಂಡರೆ ಮರದಲ್ಲೂ ಕೊಟ್ಟಿಗೆಯಲ್ಲೂ ಅದೊಂದೇ ಬೈಗುಳ ಬರುತ್ತದೆ. ಕೊನೆಗೆ ಕೊಳಲು. ಸೀಬೆ ಮರ ಹತ್ತಿದವನ ಕಿವಿಗೆ ಚೆಂಡು ಹೂವಿನ ಬೈಗುಳ. ನೆನಪು ಸುಳ್ಳು ಹೇಳುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು, ಆದರೆ ಇಲ್ಲಿಯವರೆಗೆ ಅದು ನನ್ನದೇ ಸುಳ್ಳಾಗಿರುತ್ತಿತ್ತು.

ಕೇರಳದ ಓಣಂ ಹತ್ತಿರ ಬಂದು ಹೂವು ಕೀಳುವ ಕಾಲಕ್ಕೆ ರಜೆ ಹಾಕಿ ಹೋಗಿ ಬದುವಿನ ಮೇಲೆ ಕಾವಲು ನಿಂತೆ. ನನ್ನ ಕಾವಲಿಗೆ ಮೇಕೆಯೂ ಹೆದರಲಿಲ್ಲ. ಒಂದು ಜೀಪು ಬಂದು ನಿಂತಿತು. ಇಳಿದ ಯುವಕ ಮೈಸೂರಿನ ಕಡೆಯವನು ಎಂದು ಮಾತಿನಲ್ಲೇ ಗೊತ್ತಾಯಿತು. ಬೇಡಪ್ಪ ಎಂದು ನಾನು ಅಡ್ಡ ಹೋದೆ. "ಒಂದೇ ಒಂದ್ಸಲ ಬ್ರೋ" ಎಂದು ಪಕ್ಕಕ್ಕೆ ಸರಿದು ಬದು ದಾಟಿದ. ಗೆಳೆಯರು ಜೀಪಿಗೆ ಒರಗಿ ನಿಂತರು.

"ಅಜ್ಜೀ, ಬಯ್ಯಿ ಅಜ್ಜಿ!" ಎಂದು ಒಂದು ಗಿಡದ ಮೇಲೆ ಶೂ ಇಟ್ಟು, ಫೋನು ಎತ್ತಿ ಹಿಡಿದ.

ದೊಡ್ಡವ್ವ ಬೈಯಲಿಲ್ಲ. ಹೂ ತುಂಬಿದ ಮಡಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವನ ಹತ್ತಿರಕ್ಕೆ ನಡೆದಳು, ಮಗುವಿನ ಕೈಯಿಂದ ಕುಡುಗೋಲು ತೆಗೆಯುವ ಹಾಗೆ ಫೋನನ್ನು ತೆಗೆದುಕೊಂಡಳು, ಮಡಿಲಿಗೆ ಹಾಕಿಕೊಂಡಳು, ತಿರುಗಿ ಹೂ ಕೀಳತೊಡಗಿದಳು.

"ಅಜ್ಜಿ, ಫೋನು," ಅಂದ. ಅವಳು ಮುಂದಿನ ಗಿಡಕ್ಕೆ ಹೋದಳು. "ಅಜ್ಜಿ, ತಮಾಷೆಗೆ ಅಜ್ಜಿ." ಅದರ ಮುಂದಿನ ಗಿಡ. ಜೀಪಿನ ಹತ್ತಿರ ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು. "ಅಜ್ಜಿ ಕಾಲ್ ಹಿಡ್ಕೊಳ್ಳೋ ಮಗಾ," ಎಂದು ಒಬ್ಬ ಕೂಗಿದ. ಸಾಲು ಉದ್ದವಿತ್ತು. ಅವಳಿಗೆ ಸಿಟ್ಟು ಬಂದರೆ ಫೋನು ಬಾವಿಗೆ ಹೋದೀತು ಎಂದು ಅವನಿಗೆ ಅನಿಸಿರಬೇಕು. ಪ್ಯಾಂಟು ಎತ್ತಿಕೊಂಡು, ಗಿಡದ ಬುಡ ನೋಡಿ ನೋಡಿ ಕಾಲಿಡುತ್ತ, ಅವಳ ಹಿಂದೆ ಇಡೀ ಸಾಲು ನಡೆದ. ಕೂಲಿ ಹೆಂಗಸರು ಕೀಳುವುದನ್ನು ನಿಲ್ಲಿಸಿ ನೋಡಿದರು. ಈ ಸಲ ಅವರು ನಕ್ಕದ್ದು ಅವನನ್ನು ನೋಡಿ.

ಸಾಲಿನ ತುದಿಯಲ್ಲಿ ಗೋಣಿ ತಟ್ಟಿನ ಮೇಲೆ ಹೂವಿನ ರಾಶಿ ಇತ್ತು. ದೊಡ್ಡವ್ವ ಮಡಿಲು ಬಿಚ್ಚಿ ಅದರ ಮೇಲೆ ಸುರಿದಳು. ಫೋನು ಹೂವಿನ ಜೊತೆ ಜಾರಿ ಒಳಗೆ ಸೇರಿಹೋಯಿತು. ಅವನು ಮಂಡಿಯೂರಿ ಎರಡೂ ಕೈ ಹಾಕಿ ಕೆದಕತೊಡಗಿದ.

"ಮೆಲ್ಲುಕ್ಕೆ," ಅಂದಳು ಅವಳು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಧ್ವನಿಯಲ್ಲಿ. "ದಳ ಉದುರ್ತವೆ."

ಅವನ ಕೈ ನಿಧಾನವಾಯಿತು.